ಜನರಲ್ ಟೊಪಾಲಜಿಯಿಂದ ಬೀಜಗಣಿತಕ್ಕೂ ಸಂಖ್ಯಾ ಸಿದ್ಧಾಂತಕ್ಕೂ ದಾರಿ ಇದೆಯೇ?

ಶಿರಸಿ ಕಡೆಯವಳು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನವಳು, ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಜನರಲ್ ಟೊಪಾಲಜಿ ಪತ್ರಿಕೆಯಿದೆ. ತೆರೆದ ಗಣ, ಮುಚ್ಚಿದ ಗಣ, ಬೇಸಿಸ್, ಕಾಂಪ್ಯಾಕ್ಟ್, ಹೌಸ್‌ಡಾರ್ಫ್, ನಾರ್ಮಲ್ ಎಂದು ವ್ಯಾಖ್ಯೆಗಳು ಒಂದರ ಬೆನ್ನಿಗೊಂದು ಬರುತ್ತಿವೆ. ಪ್ರಮೇಯಗಳ ಸಾಧನೆಯನ್ನು ಪುಸ್ತಕ ನೋಡದೆ ಬರೆಯುವಷ್ಟು ಅಭ್ಯಾಸವಾಗಿದೆಯಾದರೂ, ಇವೆಲ್ಲ ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿಕೊಂಡವು ಎಂಬುದು ತಿಳಿಯುತ್ತಿಲ್ಲ. ಮೆಟ್ರಿಕ್ ಸ್ಪೇಸ್ ಓದುವಾಗ ಕೈಯಲ್ಲಿ ದೂರ ಎಂಬುದೊಂದು ಇತ್ತು. ಅನಾಲಿಸಿಸ್‌ಗೆ ಅದು ಬೇಕೆಂಬುದೂ ಸ್ಪಷ್ಟವಿತ್ತು. ದೂರವನ್ನು ಕೈಬಿಟ್ಟ ಮೇಲೆ ಉಳಿಯುವ ಈ ವಿಷಯ ಶುದ್ಧ ಗಣಿತದ ಉಳಿದ ಶಾಖೆಗಳಿಗೆ, ಮುಖ್ಯವಾಗಿ ಬೀಜಗಣಿತಕ್ಕೆ ಮತ್ತು ಸಂಖ್ಯಾ ಸಿದ್ಧಾಂತಕ್ಕೆ, ನಿಜವಾಗಿಯೂ ಏನಾದರೂ ಕೊಡುತ್ತದೆಯೇ?

ಇದರ ಜೊತೆಗೆ ಇನ್ನೆರಡು ಸಂಶಯಗಳಿವೆ. ಹೌಸ್‌ಡಾರ್ಫ್ ಅಲ್ಲದ, ಅಂದರೆ ಯಾವುದೋ ಎರಡು ಬಿಂದುಗಳನ್ನು ಒಂದಕ್ಕೊಂದು ತಾಗದ ತೆರೆದ ಗಣಗಳಲ್ಲಿ ಬೇರ್ಪಡಿಸಲಾಗದ, ಸ್ಪೇಸ್‌ಗಳು ಪ್ರತ್ಯುದಾಹರಣೆ ಕೊಡುವುದಕ್ಕೆ ಬಿಟ್ಟರೆ ಬೇರೆಲ್ಲಾದರೂ ಬರುತ್ತವೆಯೇ? ಜನರಲ್ ಟೊಪಾಲಜಿಯಲ್ಲಿ ಸಂಶೋಧನೆ ಎಂದೋ ಮುಗಿದಿದೆ, ಈಗ ಅದು ಪರೀಕ್ಷೆಗೆ ಮಾತ್ರ ಎಂದು ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ, ಅದು ನಿಜವೇ?

ಕುಮಟಾ ಮೇಷ್ಟ್ರು ಬರೆದದ್ದು:

ತಂಗೀ, ಮೊದಲ ಪ್ರಶ್ನೆಗೆ ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬರೆಯುತ್ತೇನೆ. ಹತ್ತು ಶಾಖೆಗಳ ಹೆಸರು ಹೇಳುವುದಕ್ಕಿಂತ ಒಂದು ಸಾಧನೆಯನ್ನು ಮೊದಲಿಂದ ಕೊನೆಯವರೆಗೆ ನೋಡುವುದು ಲೇಸು.

ಎರಡು ವಸ್ತುಗಳು ಹತ್ತಿರ ಇವೆ ಎನ್ನಲು ಅಳತೆಪಟ್ಟಿಯೇ ಬೇಕೆಂದಿಲ್ಲ. ಶಿರಸಿಗೆ ಕುಮಟಾ ಹತ್ತಿರವೋ ದೂರವೋ ಎಂಬುದನ್ನು ನಾವು ದೇವಿಮನೆ ಘಟ್ಟದ ರಸ್ತೆ ತೆರೆದಿದೆಯೇ ಎಂದು ಕೇಳಿಕೊಂಡು ತೀರ್ಮಾನಿಸುತ್ತೇವೆಯೇ ಹೊರತು ನಕಾಶೆಯ ಮೇಲೆ ಸ್ಕೇಲು ಇಟ್ಟಲ್ಲ. ಟೊಪಾಲಜಿಯೂ ಅಷ್ಟೇ ಕೇಳುತ್ತದೆ: ಯಾವ ಗಣಗಳನ್ನು ತೆರೆದವು ಎಂದು ಕರೆಯುತ್ತೀರಿ? ಉತ್ತರವನ್ನು ನಾವು ಕೈಯಲ್ಲಿರುವ ಸಮಸ್ಯೆಗೆ ತಕ್ಕಂತೆ ಆರಿಸಿಕೊಳ್ಳಬಹುದು.

ಪೂರ್ಣಾಂಕಗಳ ಗಣವನ್ನು ತೆಗೆದುಕೊಳ್ಳಿ. ಒಂದು ಉಪಗಣದ ಪ್ರತಿಯೊಂದು ಸಂಖ್ಯೆಯ ಮೂಲಕವೂ, ಎರಡೂ ದಿಕ್ಕಿಗೆ ಕೊನೆಯಿಲ್ಲದೆ ಸಾಗುವ ಯಾವುದಾದರೊಂದು ಸಮಾಂತರ ಶ್ರೇಢಿ ಆ ಉಪಗಣದ ಒಳಗೇ ಹಾದುಹೋಗುವುದಾದರೆ ಅದನ್ನು ತೆರೆದ ಗಣ ಎನ್ನೋಣ. ಶೂನ್ಯ ಗಣವನ್ನೂ ಸೇರಿಸಿಕೊಳ್ಳೋಣ. ತೆರೆದ ಗಣಗಳ ಸಂಯೋಗ ತೆರೆದದ್ದು ಎಂಬುದು ಕಣ್ಣಿಗೆ ಕಾಣುತ್ತದೆ. ಛೇದನಕ್ಕೆ ಬಂದರೆ, ಒಂದು ಸಂಖ್ಯೆಯ ಮೂಲಕ ಎ ಅಂತರದ ಶ್ರೇಢಿ ಒಂದು ಗಣದಲ್ಲಿಯೂ ಬಿ ಅಂತರದ ಶ್ರೇಢಿ ಇನ್ನೊಂದರಲ್ಲಿಯೂ ಇದ್ದರೆ, ಅದೇ ಸಂಖ್ಯೆಯ ಮೂಲಕ ಹಾಯುವ, ಎ ಮತ್ತು ಬಿಗಳ ಗುಣಲಬ್ಧದಷ್ಟು ಅಂತರದ ಶ್ರೇಢಿ ಎರಡರಲ್ಲಿಯೂ ಇರುತ್ತದೆ. ಆದ್ದರಿಂದ ಇದು ಸರಿಯಾದ ಟೊಪಾಲಜಿ.

ಈಗ ಎರಡು ಸಂಗತಿಗಳನ್ನು ಗಮನಿಸಿ. ಶೂನ್ಯವಲ್ಲದ ತೆರೆದ ಗಣ ಯಾವುದೂ ಪರಿಮಿತವಾಗಿರಲಾರದು, ಏಕೆಂದರೆ ಅದರೊಳಗೆ ಒಂದು ಇಡೀ ಶ್ರೇಢಿ ಕುಳಿತಿದೆ. ಎರಡನೆಯದಾಗಿ, ಪ್ರತಿಯೊಂದು ಸಮಾಂತರ ಶ್ರೇಢಿಯೂ ತೆರೆದದ್ದಷ್ಟೇ ಅಲ್ಲದೆ ಮುಚ್ಚಿದ್ದೂ ಹೌದು. ಉದಾಹರಣೆಗೆ 5ರ ಗುಣಕಗಳ ಪೂರಕ ಗಣ ಎಂದರೆ 5ರಿಂದ ಭಾಗಿಸಿದಾಗ 1, 2, 3, 4 ಶೇಷ ಉಳಿಯುವ ನಾಲ್ಕು ಶ್ರೇಢಿಗಳ ಸಂಯೋಗ, ಅದು ತೆರೆದದ್ದು.

1 ಮತ್ತು −1 ಬಿಟ್ಟು ಉಳಿದ ಪ್ರತಿ ಪೂರ್ಣಾಂಕವನ್ನೂ ಯಾವುದಾದರೊಂದು ಅವಿಭಾಜ್ಯ ಸಂಖ್ಯೆ ಭಾಗಿಸುತ್ತದೆ. ಹಾಗಾಗಿ ಎಲ್ಲ ಅವಿಭಾಜ್ಯಗಳ ಗುಣಕಗಳನ್ನು ಒಟ್ಟುಗೂಡಿಸಿದರೆ ಹೊರಗುಳಿಯುವುದು 1, −1 ಎಂಬ ಜೋಡಿ ಮಾತ್ರ. ಅವಿಭಾಜ್ಯಗಳು ಪರಿಮಿತವಾಗಿದ್ದವು ಎನ್ನಿ. ಆಗ ಈ ಸಂಯೋಗ ಪರಿಮಿತ ಸಂಖ್ಯೆಯ ಮುಚ್ಚಿದ ಗಣಗಳ ಸಂಯೋಗವಾಗಿ ತಾನೂ ಮುಚ್ಚಿರುತ್ತದೆ. ಅದರ ಪೂರಕವಾದ ಆ ಜೋಡಿ ತೆರೆದ ಗಣವಾಗಬೇಕಾಗುತ್ತದೆ. ಎರಡೇ ಸದಸ್ಯರಿರುವ ತೆರೆದ ಗಣ ಇಲ್ಲವೆಂದು ಈಗಾಗಲೇ ಕಂಡಿದ್ದೇವೆ. ಅಲ್ಲಿಗೆ ಅವಿಭಾಜ್ಯಗಳು ಅನಂತ ಎಂದು ಸಿದ್ಧವಾಯಿತು.

ಇದನ್ನು 1955ರಲ್ಲಿ ಪ್ರಕಟಿಸಿದವರು ಹಿಲೆಲ್ ಫರ್ಸ್ಟನ್‌ಬರ್ಗ್. ಆಗ ಅವರು ಇನ್ನೂ ಪದವಿ ತರಗತಿಯ ವಿದ್ಯಾರ್ಥಿ. 2020ರಲ್ಲಿ ಗ್ರಿಗೊರಿ ಮಾರ್ಗುಲಿಸ್ ಅವರೊಂದಿಗೆ ಆಬೆಲ್ ಪ್ರಶಸ್ತಿ ಹಂಚಿಕೊಂಡವರೂ ಅವರೇ.

ಕಾಳೀತೀರ, ಕಾರವಾರ ಬರೆದದ್ದು:

ಮೇಷ್ಟ್ರ ನಿರೂಪಣೆ ಸೊಗಸಾಗಿದೆ, ಆದರೆ ಉದಾಹರಣೆಯ ಬಗ್ಗೆ ನನ್ನ ತಕರಾರಿದೆ. ಈ ಸಾಧನೆಯಲ್ಲಿ ಟೊಪಾಲಜಿ ಮಾಡಿದ ಕೆಲಸ ಏನು ಎಂದು ಬಿಚ್ಚಿ ನೋಡಿ. ಆ ಜೋಡಿ ತೆರೆದದ್ದು ಎಂಬ ಮಾತಿನ ಅರ್ಥ, 1ರ ಮೂಲಕ ಹಾಯುವ ಒಂದು ಶ್ರೇಢಿ ಅದರೊಳಗಿದೆ ಎಂದು. ಆ ಶ್ರೇಢಿಯ ಅಂತರ ಯಾವುದು? ಎಲ್ಲ ಅವಿಭಾಜ್ಯಗಳ ಗುಣಲಬ್ಧ. ಹಾಗಾದರೆ ನಾವು ನೋಡುತ್ತಿರುವುದು ‘ಎಲ್ಲ ಅವಿಭಾಜ್ಯಗಳನ್ನು ಗುಣಿಸಿ 1 ಕೂಡಿಸು’ ಎಂಬ ಯೂಕ್ಲಿಡನ ಹಳೆಯ ಸಾಧನೆಯನ್ನೇ, ವೇಷ ಕಟ್ಟಿಕೊಂಡು ರಂಗಕ್ಕೆ ಬಂದದ್ದನ್ನು. ಟೊಪಾಲಜಿಯ ಒಂದೇ ಒಂದು ಪ್ರಮೇಯವೂ ಇಲ್ಲಿ ಬಳಕೆಯಾಗಿಲ್ಲ. ವ್ಯಾಖ್ಯೆಗಳು ಮಾತ್ರ ಬಳಕೆಯಾಗಿವೆ.

ಪ್ರಶ್ನೆ ಕೇಳಿದವರಿಗೆ ಬೇಕಾದದ್ದು ಪ್ರಮೇಯವೇ ಕೆಲಸ ಮಾಡುವ ಉದಾಹರಣೆ ಎಂದು ನನ್ನ ಅಭಿಪ್ರಾಯ. ಟೈಖೊನೊಫ್ ಪ್ರಮೇಯವನ್ನು ನೀವು ಓದಿರುತ್ತೀರಿ: ಕಾಂಪ್ಯಾಕ್ಟ್ ಸ್ಪೇಸ್‌ಗಳು ಎಷ್ಟೇ ಇರಲಿ, ಅವುಗಳ ಗುಣಲಬ್ಧ ಕಾಂಪ್ಯಾಕ್ಟ್. (ತೆರೆದ ಗಣಗಳಿಂದ ಹೇಗೆ ಆವರಿಸಿದರೂ ಅವುಗಳಲ್ಲಿ ಪರಿಮಿತ ಸಂಖ್ಯೆಯವೇ ಸಾಕಾದರೆ ಆ ಸ್ಪೇಸ್ ಕಾಂಪ್ಯಾಕ್ಟ್.) ಅದನ್ನು ಗ್ರಾಫ್ ಸಿದ್ಧಾಂತಕ್ಕೆ ಹಚ್ಚಿ ನೋಡೋಣ. ಅನಂತ ಶೃಂಗಗಳೂ (ಬಿಂದುಗಳೂ) ಅವುಗಳನ್ನು ಜೋಡಿಜೋಡಿಯಾಗಿ ಸೇರಿಸುವ ಅಂಚುಗಳೂ ಇರುವ ಒಂದು ಗ್ರಾಫ್ ಇದೆ. ಅದರ ಪ್ರತಿಯೊಂದು ಪರಿಮಿತ ಭಾಗಕ್ಕೂ ನಾಲ್ಕು ಬಣ್ಣ ಸಾಕು, ಅಂದರೆ ಅಂಚಿನಿಂದ ಸೇರಿದ ಎರಡು ಶೃಂಗಗಳಿಗೆ ಒಂದೇ ಬಣ್ಣ ಬಾರದಂತೆ ಹಚ್ಚಬಹುದು ಎಂದು ಗೊತ್ತಿದೆ. ಇಡೀ ಗ್ರಾಫಿಗೂ ನಾಲ್ಕೇ ಸಾಕೇ? ಪರಿಮಿತ ಭಾಗವನ್ನು ದೊಡ್ಡದು ಮಾಡುತ್ತಾ ಹೋದಂತೆ ಹಿಂದೆ ಹಚ್ಚಿದ ಬಣ್ಣವನ್ನು ಮತ್ತೆ ಮತ್ತೆ ಬದಲಿಸಬೇಕಾಗಿ ಬರಬಹುದು, ಹಾಗಾಗಿ ಉತ್ತರ ತಾನಾಗಿಯೇ ಸಿಗುವುದಿಲ್ಲ.

ಪ್ರತಿ ಶೃಂಗಕ್ಕೂ ನಾಲ್ಕು ಬಣ್ಣಗಳ ಗಣವನ್ನು ಇಟ್ಟು, ಅದಕ್ಕೆ ಎಲ್ಲ ಉಪಗಣಗಳೂ ತೆರೆದವೆನ್ನುವ ಡಿಸ್ಕ್ರೀಟ್ ಟೊಪಾಲಜಿ ಕೊಡಿ. ಪರಿಮಿತವಾದ್ದರಿಂದ ಅದು ಕಾಂಪ್ಯಾಕ್ಟ್. ಎಲ್ಲ ಶೃಂಗಗಳ ಮೇಲೆ ಗುಣಲಬ್ಧ ತೆಗೆದುಕೊಂಡರೆ ಅದರ ಒಂದೊಂದು ಬಿಂದುವೂ ಇಡೀ ಗ್ರಾಫಿಗೆ ಬಣ್ಣ ಹಚ್ಚುವ ಒಂದೊಂದು ಬಗೆ, ತಪ್ಪು ಬಗೆಗಳೂ ಸೇರಿದಂತೆ. ಒಂದು ಅಂಚನ್ನು ಹಿಡಿದು, ಅದರ ಎರಡು ತುದಿಗಳಿಗೆ ಬೇರೆ ಬೇರೆ ಬಣ್ಣ ಬಂದಿರುವ ಬಗೆಗಳನ್ನೆಲ್ಲ ಒಟ್ಟುಮಾಡಿದರೆ ಅದು ಎರಡು ಶೃಂಗಗಳನ್ನು ಮಾತ್ರ ನೋಡಿ ನಿರ್ಧಾರವಾಗುವ ಗಣ, ಆದ್ದರಿಂದ ಮುಚ್ಚಿದ ಗಣ. ಪರಿಮಿತ ಸಂಖ್ಯೆಯ ಅಂಚುಗಳನ್ನು ತೆಗೆದುಕೊಂಡರೆ ಈ ಮುಚ್ಚಿದ ಗಣಗಳ ಛೇದನ ಶೂನ್ಯವಲ್ಲ ಎಂಬುದು ನಮಗೆ ಕೊಟ್ಟಿರುವ ಮಾಹಿತಿಯೇ. ಕಾಂಪ್ಯಾಕ್ಟ್ ಸ್ಪೇಸಿನಲ್ಲಿ ಅಷ್ಟಿದ್ದರೆ ಎಲ್ಲವುಗಳ ಛೇದನವೂ ಶೂನ್ಯವಲ್ಲ. ಆ ಛೇದನದಲ್ಲಿರುವ ಯಾವುದೇ ಬಿಂದು ಇಡೀ ಗ್ರಾಫಿಗೆ ಸರಿಯಾದ ಬಣ್ಣಗಾರಿಕೆ. ಇದು 1951ರ ಡಿ ಬ್ರೌನ್–ಎರ್ಡಿಶ್ ಪ್ರಮೇಯ. ನಾಲ್ಕರ ಜಾಗದಲ್ಲಿ ಯಾವ ಪರಿಮಿತ ಸಂಖ್ಯೆಯನ್ನು ಇಟ್ಟರೂ ವಾದ ಹಾಗೆಯೇ ನಡೆಯುತ್ತದೆ.

ತರ್ಕಶಾಸ್ತ್ರದ ಕಾಂಪ್ಯಾಕ್ಟ್‌ನೆಸ್ ಪ್ರಮೇಯವೂ ಇದೇ ಜಾತಿಯದು. ವಾಕ್ಯಗಳ ಒಂದು ಗಣದ ಪ್ರತಿ ಪರಿಮಿತ ಭಾಗಕ್ಕೂ ಮಾದರಿ ಇದ್ದರೆ ಇಡೀ ಗಣಕ್ಕೂ ಮಾದರಿ ಇದೆ ಎನ್ನುವ ಆ ಪ್ರಮೇಯಕ್ಕೆ ಆ ಹೆಸರು ಸುಮ್ಮನೆ ಬಂದಿಲ್ಲ. ಬೂಲಿಯನ್ ಬೀಜಗಣಿತಗಳಿಗೆ ಮಾರ್ಷಲ್ ಸ್ಟೋನ್ 1936ರಲ್ಲಿ ಜೋಡಿಸಿದ ಸ್ಪೇಸ್ ಕಾಂಪ್ಯಾಕ್ಟ್ ಆಗಿದೆ ಎಂಬುದೇ ಅದರ ಟೊಪಾಲಜಿಯ ರೂಪ. ಇನ್ನೊಂದು ಮಾತು: ಟೈಖೊನೊಫ್ ಪ್ರಮೇಯವನ್ನು ಒಪ್ಪಿದರೆ ಆಯ್ಕೆಯ ಸ್ವಯಂಸಿದ್ಧವನ್ನೂ (ಶೂನ್ಯವಲ್ಲದ ಗಣಗಳು ಎಷ್ಟೇ ಇದ್ದರೂ ಪ್ರತಿಯೊಂದರಿಂದ ಒಂದೊಂದು ಸದಸ್ಯವನ್ನು ಆರಿಸಬಹುದು ಎಂಬ ನಿಯಮವನ್ನೂ) ಒಪ್ಪಿದಂತೆ ಎಂದು ಕೆಲ್ಲಿ 1950ರಲ್ಲಿ ತೋರಿಸಿದರು. ಟೊಪಾಲಜಿಯ ಒಂದು ಪ್ರಮೇಯ ಗಣಿತದ ಅಡಿಪಾಯದ ಒಂದು ನಿಯಮದಷ್ಟೇ ಬಲವುಳ್ಳದ್ದು ಎಂಬುದನ್ನು ಪರೀಕ್ಷೆಯ ಟಿಪ್ಪಣಿಗಳಲ್ಲಿ ಯಾಕೆ ಬರೆಸುವುದಿಲ್ಲವೋ ತಿಳಿಯದು.

ಶರಾವತಿ ದಂಡೆ ಬರೆದದ್ದು:

ಹೌಸ್‌ಡಾರ್ಫ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತೇನೆ. ನಾನು ಹೊನ್ನಾವರದವನು, ಕಮ್ಯುಟೇಟಿವ್ ಆಲ್‌ಜಿಬ್ರಾ ನನ್ನ ಓದಿನ ವಿಷಯ. ನಮ್ಮಲ್ಲಿ ಹೌಸ್‌ಡಾರ್ಫ್ ಆಗಿರುವ ಸ್ಪೇಸೇ ಅಪರೂಪ.

ಯಾವುದೇ ಕಮ್ಯುಟೇಟಿವ್ ರಿಂಗ್ ತೆಗೆದುಕೊಂಡು ಅದರ ಪ್ರೈಮ್ ಐಡಿಯಲ್‌ಗಳನ್ನು ಬಿಂದುಗಳೆಂದು ಎಣಿಸಿ. (ಐಡಿಯಲ್ ಎಂದರೆ ತನ್ನ ಸದಸ್ಯರನ್ನು ಕೂಡಿದರೂ, ರಿಂಗಿನ ಯಾವ ಸದಸ್ಯದಿಂದ ಗುಣಿಸಿದರೂ ಒಳಗೇ ಉಳಿಯುವ, 0 ಇರುವ ಉಪಗಣ; ಇಡೀ ರಿಂಗ್ ಅಲ್ಲದ, ಗುಣಲಬ್ಧವೊಂದು ಒಳಗಿದ್ದರೆ ಗುಣಿಸಿದವುಗಳಲ್ಲಿ ಒಂದಾದರೂ ಒಳಗಿರುವ ಐಡಿಯಲ್ ಪ್ರೈಮ್.) ರಿಂಗಿನ ಒಂದು ಐಡಿಯಲ್ ಅನ್ನು ಒಳಗೊಂಡಿರುವ ಪ್ರೈಮ್ ಐಡಿಯಲ್‌ಗಳ ಗಣವನ್ನು ಮುಚ್ಚಿದ ಗಣವೆನ್ನಿ. ಇದು ಝರಿಸ್ಕಿ ಟೊಪಾಲಜಿ, ಸ್ಪೇಸಿನ ಹೆಸರು ಸ್ಪೆಕ್ಟ್ರಮ್. ಪೂರ್ಣಾಂಕಗಳ ರಿಂಗಿಗೆ 2, 3, 5, 7 ಹೀಗೆ ಪ್ರತಿ ಅವಿಭಾಜ್ಯಕ್ಕೂ ಒಂದು ಬಿಂದು, ಜೊತೆಗೆ ಶೂನ್ಯ ಐಡಿಯಲ್ಲಿನದು ಇನ್ನೊಂದು ಬಿಂದು. ಆ ಕೊನೆಯ ಬಿಂದು ಶೂನ್ಯವಲ್ಲದ ಪ್ರತಿ ತೆರೆದ ಗಣದಲ್ಲಿಯೂ ಇರುತ್ತದೆ. ಅದನ್ನು ಉಳಿದ ಯಾವ ಬಿಂದುವಿನಿಂದಲೂ ಬೇರ್ಪಡಿಸಲಾಗದು. ಇದನ್ನು ಕುಂದು ಎಂದುಕೊಳ್ಳಬೇಡಿ. ಶೂನ್ಯ ಐಡಿಯಲ್ಲಿನ ಬಿಂದುವಿನಲ್ಲಿ ಭಾಗಲಬ್ಧ ಸಂಖ್ಯೆಗಳ ಗಣಿತ ನಡೆಯುತ್ತದೆ, 5ರ ಬಿಂದುವಿನಲ್ಲಿ 5ರ ಶೇಷಗಳ ಗಣಿತ ನಡೆಯುತ್ತದೆ, ಒಂದು ಸಮೀಕರಣ ಇವೆರಡರ ನಡುವೆ ಹೇಗೆ ಚಲಿಸುತ್ತದೆ ಎಂದು ನೋಡಲು ಈ ಜೋಡಣೆಯೇ ಬೇಕು.

ಈ ಸ್ಪೇಸ್ ಯಾವಾಗಲೂ ಕಾಂಪ್ಯಾಕ್ಟ್, ಯಾವ ರಿಂಗ್ ಇರಲಿ. ಕಾರಣ ತುಂಬಾ ಸಣ್ಣದು, ಹಾಗಾಗಿಯೇ ನನಗೆ ಇಷ್ಟ: ಕೆಲವು ಮೂಲ ತೆರೆದ ಗಣಗಳು (ರಿಂಗಿನ ಒಂದೊಂದು ಸದಸ್ಯವನ್ನು ಒಳಗೊಳ್ಳದ ಪ್ರೈಮ್ ಐಡಿಯಲ್‌ಗಳ ಗಣಗಳು) ಇಡೀ ಸ್ಪೇಸನ್ನು ಆವರಿಸುತ್ತವೆ ಎಂದರೆ ಅವುಗಳಿಗೆ ಸಂಬಂಧಿಸಿದ ರಿಂಗಿನ ಸದಸ್ಯರು ಒಟ್ಟಾಗಿ ಹುಟ್ಟಿಸುವ ಐಡಿಯಲ್ಲಿನಲ್ಲಿ 1 ಇದೆ ಎಂದರ್ಥ, ಮತ್ತು 1ನ್ನು ಬರೆಯಲು ಬೇಕಾಗುವುದು ಒಂದು ಪರಿಮಿತ ಮೊತ್ತ. ಆ ಮೊತ್ತದಲ್ಲಿ ಬಂದಷ್ಟು ಗಣಗಳೇ ಸಾಕು. ಬೀಜಗಣಿತದಲ್ಲಿ ಮೊತ್ತಗಳು ಪರಿಮಿತವಾಗಿರುವುದೂ ಟೊಪಾಲಜಿಯ ಕಾಂಪ್ಯಾಕ್ಟ್ ಗುಣವೂ ಇಲ್ಲಿ ಒಂದೇ ಸಂಗತಿ.

ಕನೆಕ್ಟೆಡ್ ಎಂಬ ವ್ಯಾಖ್ಯೆಗೂ ಇಲ್ಲಿ ಅರ್ಥವಿದೆ. 6ರ ಶೇಷಗಳ ರಿಂಗಿನ ಸ್ಪೆಕ್ಟ್ರಮ್‌ನಲ್ಲಿ ಎರಡೇ ಬಿಂದುಗಳು, 2 ಮತ್ತು 3, ಅವು ಬಿಡಿಬಿಡಿಯಾಗಿವೆ. ಅದೇ ರಿಂಗಿನಲ್ಲಿ 3ರ ವರ್ಗ 9, ಅಂದರೆ ಮತ್ತೆ 3. 4ರ ವರ್ಗ 16, ಅಂದರೆ ಮತ್ತೆ 4. ಅವೆರಡರ ಮೊತ್ತ 7, ಅಂದರೆ 1. ವರ್ಗ ಮಾಡಿದರೂ ಬದಲಾಗದ ಇಂಥ ಸದಸ್ಯರು 0 ಮತ್ತು 1ರ ಹೊರತಾಗಿ ಇದ್ದಾಗಲೇ ಸ್ಪೆಕ್ಟ್ರಮ್ ಎರಡಾಗಿ ಒಡೆಯುತ್ತದೆ, ಆಗಲೇ ರಿಂಗ್ ಕೂಡ ಎರಡು ರಿಂಗುಗಳ ಗುಣಲಬ್ಧವಾಗುತ್ತದೆ. ಯಾವ ಸ್ಪೇಸ್‌ಗಳು ಯಾವುದಾದರೊಂದು ರಿಂಗಿನ ಸ್ಪೆಕ್ಟ್ರಮ್ ಆಗಬಲ್ಲವು ಎಂಬುದನ್ನು ಶುದ್ಧ ಟೊಪಾಲಜಿಯ ಮಾತಿನಲ್ಲಿಯೇ ಮೆಲ್ವಿನ್ ಹಾಕ್‌ಸ್ಟರ್ 1969ರಲ್ಲಿ ಹೇಳಿ ಮುಗಿಸಿದರು. ಪ್ರತ್ಯುದಾಹರಣೆಯ ಪೆಟ್ಟಿಗೆಯಲ್ಲಿ ಇಡುವಂಥ ಸರಕಲ್ಲ ಇದು.

ಕುಮಟಾ ಮೇಷ್ಟ್ರು ಬರೆದದ್ದು:

ಕಾಳೀತೀರ ಅವರ ತಕರಾರನ್ನು ಅರ್ಧ ಒಪ್ಪುತ್ತೇನೆ. ಆ ಸಾಧನೆಯನ್ನು ಬಿಚ್ಚಿದರೆ ಯೂಕ್ಲಿಡ್ ಸಿಗುವುದು ಹೌದು. ಆದರೆ ಸಾಧನೆ ಮುಗಿದ ಮೇಲೂ ಆ ಟೊಪಾಲಜಿ ಅಲ್ಲಿಯೇ ಇರುತ್ತದಲ್ಲ, ಅದನ್ನು ಯಾರೂ ಕೇಳುತ್ತಿಲ್ಲ. ಅದರಲ್ಲಿ 1!, 2!, 3!, 4! ಎಂಬ ಫ್ಯಾಕ್ಟೋರಿಯಲ್‌ಗಳ ಸರಣಿ 0ಯತ್ತ ಸಾಗುತ್ತದೆ. ಯಾಕೆಂದರೆ ಯಾವ ಸಂಖ್ಯೆ ಎನ್ ಹಿಡಿದರೂ ಎನ್!ನಿಂದ ಮುಂದಿನವೆಲ್ಲ ಅದರ ಗುಣಕಗಳೇ. ಸಾಮಾನ್ಯ ಸಂಖ್ಯಾರೇಖೆಯ ಮೇಲೆ ಓಡಿಹೋಗುವ ಸರಣಿ ಇಲ್ಲಿ ನೆಲೆಗೆ ಬರುತ್ತದೆ. ಹಾಗಾದರೆ 1! + 2! + 3! + … ಎಂಬ ಅನಂತ ಮೊತ್ತಕ್ಕೂ ಅರ್ಥ ಬರಬೇಕು, ಮತ್ತು ಬರುತ್ತದೆ: ಈ ಟೊಪಾಲಜಿಯಲ್ಲಿ ಪೂರ್ಣಾಂಕಗಳ ನಡುವಿನ ತೆರಪುಗಳನ್ನು ತುಂಬಿ ಪೂರ್ಣಗೊಳಿಸಿದರೆ ಸಿಗುವ, ಪ್ರೊಫೈನೈಟ್ ಪೂರ್ಣಾಂಕಗಳೆಂದು ಕರೆಯುವ ಕಾಂಪ್ಯಾಕ್ಟ್ ರಿಂಗಿನಲ್ಲಿ ಅದು ಒಂದು ಸದಸ್ಯ.

ಅದನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಕೇಳಿದರೆ ಗಾಲ್ವಾ ಸಿದ್ಧಾಂತಕ್ಕೆ ಬನ್ನಿ. ಪರಿಮಿತ ವಿಸ್ತರಣೆಯಲ್ಲಿ ಉಪಗ್ರೂಪುಗಳಿಗೂ ನಡುವಿನ ಫೀಲ್ಡುಗಳಿಗೂ ಒಂದಕ್ಕೊಂದು ಸರಿಹೊಂದುವ ನಂಟು ಇದೆಯೆಂದು ಓದಿರುತ್ತೀರಿ. ವಿಸ್ತರಣೆ ಅನಂತವಾದಾಗ ಈ ನಂಟು ಮುರಿಯುತ್ತದೆ. ಪಿ ಎಂಬ ಅವಿಭಾಜ್ಯ ಸಂಖ್ಯೆಯಷ್ಟು ಸದಸ್ಯರಿರುವ ಫೀಲ್ಡನ್ನೂ ಅದರ ಬೀಜಗಣಿತೀಯ ಮುಚ್ಚುಗೆಯನ್ನೂ (ಅದರ ಬಹುಪದಗಳ ಮೂಲಗಳೆಲ್ಲ ಸೇರಿದ ದೊಡ್ಡ ಫೀಲ್ಡನ್ನೂ) ತೆಗೆದುಕೊಳ್ಳಿ. ಪ್ರತಿ ಸದಸ್ಯವನ್ನೂ ಅದರ ಪಿನೇ ಘಾತಕ್ಕೆ ಒಯ್ಯುವ ಫ್ರೋಬೆನಿಯಸ್ ಕ್ರಿಯೆ ಗಾಲ್ವಾ ಗ್ರೂಪಿನ ಸದಸ್ಯ. ಅದು ಹುಟ್ಟಿಸುವ ಉಪಗ್ರೂಪು ಕದಲಿಸದೆ ಬಿಡುವ ಸದಸ್ಯರು ಯಾರು? ತಮ್ಮ ಪಿನೇ ಘಾತಕ್ಕೆ ತಾವೇ ಸಮವಾದವರು, ಅಂದರೆ ಮೂಲ ಫೀಲ್ಡಿನ ಪಿ ಸದಸ್ಯರು ಮಾತ್ರ. ಇಡೀ ಗಾಲ್ವಾ ಗ್ರೂಪು ಕದಲಿಸದೆ ಬಿಡುವುದೂ ಅವರನ್ನೇ. ಫ್ರೋಬೆನಿಯಸ್ ಹುಟ್ಟಿಸಿದ ಉಪಗ್ರೂಪು ಸಾಮಾನ್ಯ ಪೂರ್ಣಾಂಕಗಳಂತಿದೆ. ಇಡೀ ಗ್ರೂಪಾದರೋ ಮೇಲೆ ಹೇಳಿದ ಪ್ರೊಫೈನೈಟ್ ಪೂರ್ಣಾಂಕಗಳ ಗ್ರೂಪು, ಅದಕ್ಕಿಂತ ಎಷ್ಟೋ ದೊಡ್ಡದು. ಎರಡು ಬೇರೆ ಗ್ರೂಪುಗಳಿಗೆ ಒಂದೇ ಫೀಲ್ಡ್ ಪಾಲಿಗೆ ಬಂದಂತಾಯಿತು.

ವುಲ್ಫ್‌ಗಾಂಗ್ ಕ್ರುಲ್ 1928ರಲ್ಲಿ ಇದಕ್ಕೆ ಪರಿಹಾರ ಕೊಟ್ಟರು: ಗಾಲ್ವಾ ಗ್ರೂಪಿಗೆ ಒಂದು ಟೊಪಾಲಜಿ ಕೊಡಿ, ಮುಚ್ಚಿದ ಉಪಗ್ರೂಪುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ, ಆಗ ನಂಟು ಪೂರ್ತಿಯಾಗಿ ಸರಿಹೊಂದುತ್ತದೆ. ಈ ಉದಾಹರಣೆಯಲ್ಲಿ ಕ್ರುಲ್ ಟೊಪಾಲಜಿ ಎಂಬುದು ಫರ್ಸ್ಟನ್‌ಬರ್ಗ್ ಅವರ ಸಮಾಂತರ ಶ್ರೇಢಿಗಳ ಟೊಪಾಲಜಿಯೇ ಪೂರ್ಣಗೊಂಡದ್ದು. ಇಲ್ಲಿ ವೇಷದ ಮಾತು ನಡೆಯದು, ಕಾಳೀತೀರ ಅವರೇ. ‘ಮುಚ್ಚಿದ’ ಎಂಬ ಪದವನ್ನು ತೆಗೆದರೆ ಪ್ರಮೇಯವೇ ಸುಳ್ಳಾಗುತ್ತದೆ.

ಶಿರಸಿ ಕಡೆಯವಳು ಬರೆದದ್ದು:

ಮೂವರಿಗೂ ತುಂಬಾ ಧನ್ಯವಾದಗಳು. ಪರಿಮಿತ ಮೊತ್ತ ಮತ್ತು ಕಾಂಪ್ಯಾಕ್ಟ್ ಗುಣದ ಸಂಬಂಧ ನನಗೆ ಹೊಸದು. ಆ ಸಾಧನೆಯನ್ನು ಕಾಗದದ ಮೇಲೆ ಬರೆದು ನೋಡಿದೆ, ಸರಿಯಾಗಿ ಬಂತು. ಮೇಷ್ಟ್ರಲ್ಲಿ ಒಂದು ಪ್ರಶ್ನೆ. ಇಡೀ ಗಾಲ್ವಾ ಗ್ರೂಪು ದೊಡ್ಡದು ಎಂದಿರಿ. ಫ್ರೋಬೆನಿಯಸ್‌ನ ಘಾತವಲ್ಲದ ಒಬ್ಬ ಸದಸ್ಯನನ್ನು ಕೈಯಿಟ್ಟು ತೋರಿಸಲು ಸಾಧ್ಯವೇ, ಅಥವಾ ಗ್ರೂಪು ಎಣಿಕೆಗೆ ಸಿಗದಷ್ಟು ದೊಡ್ಡದು ಎಂಬ ವಾದದಿಂದ ಮಾತ್ರ ತಿಳಿಯಬೇಕೇ? ಸಂಶೋಧನೆ ಮುಗಿದಿದೆ ಎಂಬ ಮಾತಿಗೂ ಉತ್ತರ ಸಿಕ್ಕರೆ ಒಳ್ಳೆಯದು.

ಕಾಳೀತೀರ, ಕಾರವಾರ ಬರೆದದ್ದು:

ಗಾಲ್ವಾ ಉದಾಹರಣೆಗೆ ನನ್ನ ತಕರಾರಿಲ್ಲ.

ಸಂಶೋಧನೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಠ್ಯಪುಸ್ತಕದಲ್ಲಿರುವ ಭಾಗ ಬಹುಮಟ್ಟಿಗೆ ನೆಲೆಗೊಂಡಿದೆ ಎಂಬುದು ಹೌದು. ಅದರಾಚೆಗೆ ಉಳಿದ ಪ್ರಶ್ನೆಗಳಲ್ಲಿ ಹಲವು ಗಣ ಸಿದ್ಧಾಂತದೊಳಕ್ಕೆ ಹೋದವು; ಸಂಖ್ಯಾರೇಖೆಯನ್ನು ಗುರುತಿಸುವ ಬಗ್ಗೆ ಸೂಸ್ಲಿನ್ ಎತ್ತಿದ, 1920ರಲ್ಲಿ ಪ್ರಕಟವಾದ ಪ್ರಶ್ನೆಗೆ ರೂಢಿಯ ಸ್ವಯಂಸಿದ್ಧಗಳಿಂದ ಹೌದು ಎಂದೂ ಸಾಧಿಸಲಾಗದು, ಅಲ್ಲ ಎಂದೂ ಸಾಧಿಸಲಾಗದು ಎಂದು ಈಗ ಗೊತ್ತಿದೆ. ಇತ್ತೀಚಿನದು ಬೇಕಾದರೆ, ಟೊಪಾಲಜಿಯ ತಳಹದಿಯನ್ನೇ ಬದಲಿಸಬೇಕೆಂದು ಡಸ್ಟಿನ್ ಕ್ಲಾಸೆನ್ ಮತ್ತು ಪೀಟರ್ ಶೋಲ್ಜೆ ಕಂಡೆನ್ಸ್ಡ್ ಗಣಿತವನ್ನು ಕಟ್ಟುತ್ತಿದ್ದಾರೆ. ಅವರ ತೊಂದರೆ ನಿಮಗೂ ಅರ್ಥವಾಗುವಂಥದ್ದು: ನೈಜ ಸಂಖ್ಯೆಗಳಿಗೆ ಡಿಸ್ಕ್ರೀಟ್ ಟೊಪಾಲಜಿ ಕೊಟ್ಟು, ಅಲ್ಲಿಂದ ಸಾಮಾನ್ಯ ಟೊಪಾಲಜಿಯ ನೈಜ ಸಂಖ್ಯೆಗಳಿಗೆ ಪ್ರತಿ ಸಂಖ್ಯೆಯನ್ನೂ ತನಗೇ ಕಳಿಸಿದರೆ ಆ ನಕ್ಷೆ ಅವಿಚ್ಛಿನ್ನ, ಒಂದಕ್ಕೊಂದು, ಏನೂ ಬಿಟ್ಟುಹೋಗುವುದಿಲ್ಲ. ಆದರೂ ಅದರ ವಿಲೋಮ ಅವಿಚ್ಛಿನ್ನವಲ್ಲ. ಗ್ರೂಪುಗಳಾಗಿ ನೋಡಿದರೆ ಎರಡೂ ಒಂದೇ, ಟೊಪಾಲಜಿಯೊಂದಿಗೆ ನೋಡಿದರೆ ಬೇರೆ, ಆ ವ್ಯತ್ಯಾಸವನ್ನು ಹಿಡಿದಿಡುವ ಗ್ರೂಪು ಮಾತ್ರ ಎಲ್ಲಿಯೂ ಇಲ್ಲ. ಹೋಮಾಲಜಿಯ ಬೀಜಗಣಿತ ಇಂಥ ಕಡೆ ಎಡವುತ್ತದೆ. ಅವರು ಕೊಟ್ಟ ಪರಿಹಾರದಲ್ಲಿ ಮತ್ತೆ ಕಾಂಪ್ಯಾಕ್ಟ್, ಹೌಸ್‌ಡಾರ್ಫ್, ಟೋಟಲಿ ಡಿಸ್ಕನೆಕ್ಟೆಡ್ ಎಂಬ ನಿಮ್ಮ ಪಠ್ಯದ ಪದಗಳೇ ಬರುತ್ತವೆ. ಹಾಸ್ಟೆಲಿನ ಹಿರಿಯರಿಗೆ ಇದನ್ನು ತಿಳಿಸಿ.

ಕುಮಟಾ ಮೇಷ್ಟ್ರು ಬರೆದದ್ದು:

ಕೈಯಿಟ್ಟು ತೋರಿಸಬಹುದು, ತಂಗೀ. ಫ್ರೋಬೆನಿಯಸ್‌ನ 1! + 2! + 3! + … ಘಾತವನ್ನು ತೆಗೆದುಕೊಳ್ಳಿ. ಇದಕ್ಕೆ ಅರ್ಥವಿದೆಯೇ ಎಂದು ಮೊದಲು ನೋಡೋಣ. ಬೀಜಗಣಿತೀಯ ಮುಚ್ಚುಗೆಯ ಪ್ರತಿ ಸದಸ್ಯವೂ ಯಾವುದೋ ಒಂದು ಪರಿಮಿತ ಫೀಲ್ಡಿನಲ್ಲಿ, ಅಂದರೆ ಪಿಯ ಎನ್‌ನೇ ಘಾತದಷ್ಟು ಸದಸ್ಯರಿರುವ ಫೀಲ್ಡಿನಲ್ಲಿ ಇರುತ್ತದೆ. ಆ ಫೀಲ್ಡಿನ ಮೇಲೆ ಫ್ರೋಬೆನಿಯಸ್‌ನ ಎನ್‌ನೇ ಘಾತ ಏನನ್ನೂ ಕದಲಿಸುವುದಿಲ್ಲ, ಹಾಗಾಗಿ ಎನ್! ಮತ್ತು ಅದರ ಮುಂದಿನ ಪದಗಳೂ ಕದಲಿಸುವುದಿಲ್ಲ. ಆ ಸದಸ್ಯದ ಮಟ್ಟಿಗೆ ಮೊತ್ತ 1! + 2! + … + (ಎನ್−1)! ಎಂಬಲ್ಲಿಗೇ ನಿಂತಂತೆ. ಪ್ರತಿ ಸದಸ್ಯಕ್ಕೂ ಉತ್ತರ ಸಿಗುತ್ತದೆ. ದೊಡ್ಡ ಫೀಲ್ಡಿಗೆ ಹೋದರೂ ಹಳೆಯ ಉತ್ತರ ಬದಲಾಗುವುದಿಲ್ಲ.

ಇನ್ನು ಇದು ಎಂ ಎಂಬ ಯಾವುದೋ ಸಾಮಾನ್ಯ ಪೂರ್ಣಾಂಕದ ಘಾತವೇ ಆಗಿತ್ತು ಎನ್ನಿ. ಆಗ ಪ್ರತಿ ಎನ್‌ಗೂ, ಎನ್!ನಿಂದ ಭಾಗಿಸಿದಾಗ ಎಂ ಮತ್ತು ಮೊದಲ ಎನ್−1 ಪದಗಳ ಮೊತ್ತ ಒಂದೇ ಶೇಷ ಕೊಡಬೇಕು. ಆ ಮೊತ್ತ ಯಾವಾಗಲೂ ಎನ್!ಗಿಂತ ಚಿಕ್ಕದು: 1 + 2 = 3 ಎಂಬುದು 6ಕ್ಕಿಂತ ಚಿಕ್ಕದು, 1 + 2 + 6 = 9 ಎಂಬುದು 24ಕ್ಕಿಂತ ಚಿಕ್ಕದು, ಮುಂದಕ್ಕೆ ಅಂತರ ಹೆಚ್ಚುತ್ತಲೇ ಹೋಗುತ್ತದೆ. ಎಂ ಶೂನ್ಯ ಅಥವಾ ಧನವಾಗಿದ್ದರೆ, ಎನ್! ಎಂಬುದು ಎಂಗಿಂತ ದೊಡ್ಡದಾದ ಕೂಡಲೇ ಎಂ ಆ ಮೊತ್ತಕ್ಕೇ ಸಮವಾಗಬೇಕು. ಆದರೆ ಎನ್ ಹೆಚ್ಚಿದಂತೆ ಮೊತ್ತ ಬೆಳೆಯುತ್ತದೆ, ಎಂ ಬೆಳೆಯುವುದಿಲ್ಲ. ಎಂ ಋಣವಾಗಿದ್ದರೆ ಎನ್!ನಿಂದ ಮೊತ್ತವನ್ನು ಕಳೆದು ಉಳಿದದ್ದು ಎಂನ ಧನರೂಪಕ್ಕೆ ಸಮವಾಗಬೇಕು; ಆ ಉಳಿಕೆ 3, 15, 87 ಎಂದು ಮಿತಿಯಿಲ್ಲದೆ ಏರುತ್ತದೆ. ಎರಡೂ ಬಗೆಯಲ್ಲಿ ಅಸಂಗತ. ಆದ್ದರಿಂದ ಈ ಸದಸ್ಯ ಫ್ರೋಬೆನಿಯಸ್‌ನ ಯಾವ ಸಾಮಾನ್ಯ ಘಾತವೂ ಅಲ್ಲ, ಆದರೆ ಅಂಥ ಘಾತಗಳ ಸರಣಿಯ ಮಿತಿ ಹೌದು. ಹಾಗಾಗಿ ಫ್ರೋಬೆನಿಯಸ್ ಹುಟ್ಟಿಸಿದ ಉಪಗ್ರೂಪು ಮುಚ್ಚಿದ್ದಲ್ಲ.